ಎರಡನೇ ಬ್ರೇಕು

ವಾರದ ಆರು ದಿನ ನಾನು ಮೇಷ್ಟ್ರು.
ವಿನೋಬನಗರದ ನೂರಡಿ ರಸ್ತೆಯಲ್ಲಿ
ಹೆದರಿದ ಪಾದಗಳಿಗೆ ಹೇಳುತ್ತೇನೆ:
ಕ್ಲಚ್ಚು ಮೆಲ್ಲಗೆ ಬಿಡಿ, ಗಾಡಿ ನಿಮ್ಮನ್ನು ತಿನ್ನುವುದಿಲ್ಲ.
ನನ್ನ ಕಾಲ ಕೆಳಗೂ ಇದೆ ಒಂದು ಬ್ರೇಕು.
ಕಲಿಯುವವರಿಗೆ ಅದು ಗೊತ್ತು. ಗೊತ್ತಿದ್ದೂ ಮರೆಯಬೇಕು,
ಮರೆತ ದಿನ ಗಾಡಿ ಓಡುತ್ತದೆ.

ಭಾನುವಾರ ಬೆಳಿಗ್ಗೆ ಐದೂವರೆಗೆ
ಕೋಟೆ ರಸ್ತೆಯ ಹಿಂದಿನ ಗರಡಿಯಲ್ಲಿ
ಅಂಗಿ ಕಳಚಿ ಮೊಳೆಗೆ ಸಿಕ್ಕಿಸಿದರೆ
ಮೇಷ್ಟ್ರೂ ಅಲ್ಲೇ ನೇತಾಡುತ್ತಾನೆ.
ಮೂವತ್ತೊಂದು ವರ್ಷದಿಂದ ಅದೇ ಮೊಳೆ.
ಬಾಗಿಲು ಗಿಡ್ಡ. ತಲೆ ತಗ್ಗಿಸದವನಿಗೆ
ಮೊದಲ ಏಟು ಅದರದ್ದೇ.

ಹುಡುಗರು ನನ್ನನ್ನು ಉಸ್ತಾದ್ ಅನ್ನುತ್ತಾರೆ,
ಹುಚ್ಚರಾಯಪ್ಪ ಬರುವ ತನಕ.
ಎಪ್ಪತ್ತೆಂಟು. ಒಂದು ಕಣ್ಣಿಗೆ ಪೊರೆ.
ಕೆಮ್ಮಣ್ಣು ಮುಟ್ಟಿ ಹಣೆಗೊತ್ತಿಕೊಂಡು
ಬಿದಿರ ಕೋಲು ಹಿಡಿದು ನಿಂತರೆಂದರೆ
ಬಸ್ಸಿಗೆ ಕಾಯುವವರ ಹಾಗೆ.
ನಾನು ಸುತ್ತುತ್ತೇನೆ, ಬೆವರುತ್ತೇನೆ,
ಬಲಕ್ಕೆ ತೋರಿಸಿ ಎಡಕ್ಕೆ ನುಗ್ಗುತ್ತೇನೆ.
ಅವರ ಕೋಲಿನ ತುದಿ ಅದಾಗಲೇ
ನನ್ನ ಗಂಟಲ ಗುಣಿಯಲ್ಲಿ,
ಅಲ್ಲೇ ಹುಟ್ಟಿ ಬೆಳೆದ ಹಾಗೆ.
‘ನಾನೇನೂ ಮಾಡ್ಲಿಲ್ಲ ಮಾರಾಯ,
ನೀನೇ ಬಂದೆ.’

ಗೌಸ್ ಪೀರ್ ಸಾಹೇಬರು ಕುರ್ಚಿ ಬಿಟ್ಟೇಳುವುದಿಲ್ಲ,
ಮಂಡಿ ಹೋಗಿದೆ. ಬಾಯಲ್ಲೇ ಬಡಿಯುತ್ತಾರೆ.
‘ನಿನ್ನ ಎಡಗಾಲು ಸುಳ್ಳು ಹೇಳ್ತಾ ಇದೆ’:
ಇದು ತೊಂಬತ್ತೆಂಟನೇ ಇಸವಿಯಲ್ಲಿ.
‘ಯಾವಾಗ್ಲೂ ಎಡಗಾಲಿಂದೇ ಯಾಕೆ ಯೋಚನೆ ನಿನಗೆ?’:
ಇದು ಹೋದ ತಿಂಗಳು.
ನಡುವಿನ ವರ್ಷಗಳಲ್ಲಿ ನಾನು
ಎಡಗಾಲನ್ನು ತಿದ್ದುತ್ತಿದ್ದೆ.

ಒಬ್ಬನೇ ಗುರುವಿನ ಪೆಟ್ಟು ತಿಂದವರು ಇಬ್ಬರೂ.
ಆದರೂ ಒಬ್ಬರ ಮಾತು ಇನ್ನೊಬ್ಬರ ಮುಂದೆ ಎತ್ತಬಾರದು,
ಎತ್ತಿದರೆ ಟೀ ಆರಿ ಕೆನೆಗಟ್ಟುವವರೆಗೆ ಜಗಳ,
ನಡುವೆ ನಾನು, ಎರಡು ಲೋಟ ಹಿಡಿದುಕೊಂಡು.

ಮೊದಲೆಲ್ಲ ಬೈಯುತ್ತಿದ್ದರು. ಬೈಗುಳ ಮೈಲಿಗಲ್ಲಿನ ಹಾಗೆ,
ಎಲ್ಲಿದ್ದೇನೆ ಅಂತ ಗೊತ್ತಾಗುತ್ತಿತ್ತು.
ಈಗ ಬರೀ ‘ಹ್ಞೂಂ’.
ಆ ಹ್ಞೂಂ ಅನ್ನು ಮನೆಗೆ ತಂದು
ಬುಧವಾರದವರೆಗೂ ಹೊರಳಿಸಿ ನೋಡುತ್ತೇನೆ.
ಹೆಂಡತಿ ಮುಲಾಮು ಮುಂದಿಡುತ್ತಾಳೆ:
‘ಐವತ್ತೆರಡಾಯ್ತು. ಹುಡುಕಿಕೊಂಡು ಹೋಗಿ ಏಟು ತಿಂತೀರಲ್ಲ.’
ಉತ್ತರವಿಲ್ಲ. ಮುಲಾಮು ಚೆನ್ನಾಗಿದೆ.

ಕಾರ್ತಿಕದ ಒಂದು ಬೆಳಿಗ್ಗೆ
ತುಂಗೆಯ ಕಡೆಯಿಂದ ಕಾವಳ.
ನನ್ನ ತಲೆಯಲ್ಲಿ ವರಸೆ ಇರಲಿಲ್ಲ,
ಶನಿವಾರ ಚರಂಡಿಗಿಳಿದ ಕಾರು ಇತ್ತು,
ಬಂಪರಿಗೆಷ್ಟು, ಪೇಂಟಿಗೆಷ್ಟು.
ಟಕ್.
ಅವರ ಮಣಿಕಟ್ಟಿನ ಮೇಲೆ ನನ್ನ ಕೋಲು.

ಮಣ್ಣು ಅಗೆಯುತ್ತಿದ್ದ ಹುಡುಗ ಸನಿಕೆ ನಿಲ್ಲಿಸಿದ.
ಮೂವತ್ತೊಂದು ವರ್ಷಕ್ಕೆ ಮೊದಲ ಸಲ.
ಬಿಟ್ಟುಕೊಟ್ಟರೇ? ಅವರ ಕಾಲ ಕೆಳಗಿನ ಬ್ರೇಕು
ಬೇಕೆಂದೇ ಒತ್ತದೆ ಬಿಟ್ಟರೇ?
ತಲೆ ಎತ್ತಿ ಮುಖ ನೋಡಿದೆ.
ಧಡ್ ಅಂತ ಬಿತ್ತು ಪಕ್ಕೆಗೆ.

‘ಹೊಡೆದಿದ್ದು ಸರಿ ಇತ್ತು.
ಆಮೇಲೆ ನನ್ನ ಮುಖ ಯಾಕೆ ನೋಡ್ದೆ?
ಮಾರ್ಕ್ಸ್ ಬರೆದಿದೆ ಅಂತ್ಲಾ?’
ಕುರ್ಚಿಯಲ್ಲಿ ಗೌಸ್ ಪೀರ್ ಕೆಮ್ಮು ಬರುವಷ್ಟು ನಕ್ಕು
‘ಇದು ಮಾತು’ ಅಂದರು.
ಇಬ್ಬರೂ ಒಪ್ಪಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಸೋಮವಾರ, ನರ್ಸ್ ಫಿಲೋಮಿನಾ
ಚರಂಡಿಯ ಪಕ್ಕವೇ ಗೇರು ಬದಲಿಸಿದರು,
ಗಾಡಿ ಕುಲುಕಲಿಲ್ಲ.
ಖುಷಿಗೆ ನನ್ನ ಕಡೆ ತಿರುಗಿ,
‘ಸರ್, ಸರಿ ಹೋಯ್ತಾ?’
ಎದುರಿಗೆ ಸಾಗರದ ಬಸ್ಸು.
ಬೆಲ್ಟಿನಡಿ ಪಕ್ಕೆ ಚುಳುಕ್ಕೆಂದಿತು.
ರಸ್ತೆ ನೋಡಮ್ಮ, ಅಂದೆ,
ರಸ್ತೆ.